ಓರಗಿತ್ತಿ ತಾನೇ ಹಾಕಿದ ಕೇಸು

ಬೋಡಿಮೆಟ್ಟು ಘಾಟಿಯಿಂದ ಇಳಿಯುವಾಗ ತಿರುವಿನಲ್ಲಿ ಎದುರಿಂದ ಬಂದ ಕಾರು ನಮ್ಮ ಬಾಡಿಗೆ ಕಾರಿಗೆ ಗುದ್ದಿತು. ಹಿಂದಿನ ಸೀಟಿನಲ್ಲಿ ನಾನು, ನನ್ನ ಮೈದುನನ ಹೆಂಡತಿ ಇಬ್ಬರೇ ಇದ್ದೆವು. ನನ್ನ ಬಲ ಮಣಿಕಟ್ಟು ಮುರಿಯಿತು, ಅವಳ ಮೊಣಕಾಲು. ತೇನಿಯ ಆಸ್ಪತ್ರೆಯಲ್ಲಿ ಪಕ್ಕಪಕ್ಕದ ಹಾಸಿಗೆ ನಮ್ಮದು.

ಪರಿಹಾರಕ್ಕೆ ಕೇಸು ಹಾಕುವ ಮಾತು ಬಂದಾಗ ನನ್ನ ಗಂಡ ದಿಂಡಿಗಲ್ಲಿನ ವಕೀಲರೊಬ್ಬರನ್ನು ಗೊತ್ತುಮಾಡಿದರು. ನಿನ್ನದನ್ನೂ ಅವರಿಗೇ ಕೊಡು ಎಂದು ಓರಗಿತ್ತಿಗೆ ಹೇಳಿದೆ.

"ಬ್ಯಾಡಕ್ಕ. ಕೋರ್ಟಲ್ಲಿ ಕೇಳ್ದೆ, ವಕ್ಕೀಲ್ ಇಲ್ದೇನೂ ಹಾಕಬೌದಂತೆ. ನಾನೇ ಬರೀತೀನಿ."

ಓದಿನಲ್ಲಿ ನಾನು ಅವಳಿಗಿಂತ ಒಂದು ತರಗತಿ ಮುಂದೆ. ಹೀಗೂ ಮಾಡಬಹುದೆಂದು ನನಗೆ ಹೊಳೆದಿರಲೇ ಇಲ್ಲ.

ಊರುಗೋಲು ಹಿಡಿದು ಬಸ್ಸು ಹತ್ತಿ ಪೊಲೀಸ್ ಠಾಣೆಯಿಂದ ಎಫ್‌ಐಆರ್ ಪ್ರತಿ ತಂದಳು. ನಮ್ಮ ಮನೆಮಾತು ಕನ್ನಡವಾದರೂ ಅರ್ಜಿಯನ್ನು ತಮಿಳಿನಲ್ಲಿ ತಾನೇ ಬರೆದಳು. ಕೋರ್ಟಿನ ಕಚೇರಿಯವರು ಎರಡು ಸಲ ವಾಪಸ್ ಕಳಿಸಿದರು. ಒಮ್ಮೆ ಪ್ರಮಾಣಪತ್ರ ಇಲ್ಲವೆಂದು, ಇನ್ನೊಮ್ಮೆ ಪ್ರತಿಗಳು ಸಾಲವೆಂದು. ನಾನು ಅಯ್ಯೋ ಪಾಪ ಎಂದೆ. ಆ ಎರಡು ದಿನವೂ ನನಗೆ ಊಟ ಚೆನ್ನಾಗಿ ಸೇರಿತು. ಮೂರನೆಯ ಸಲ ಅರ್ಜಿ ತೆಗೆದುಕೊಂಡರು. "ಅವಳ ಧೈರ್ಯ ನೋಡು," ಎಂದರು ನನ್ನ ಗಂಡ. ನಾನು ಎಡಗೈಯಲ್ಲಿ ಚಮಚ ಹಿಡಿದು ಸಾರನ್ನ ತಿನ್ನುತ್ತಿದ್ದೆ.

ವಿಚಾರಣೆಗೆ ಮೊದಲು ಅವಳ ಡಿಸ್ಚಾರ್ಜ್ ಹಾಳೆ ಕಾಣೆಯಾಯಿತು. ಅದು ನನ್ನ ಆಸ್ಪತ್ರೆಯ ಫೈಲಿನಲ್ಲಿ ಸೇರಿಕೊಂಡಿತ್ತು. ಅವಳು ಬಂದು ಕೇಳಿದಾಗ ಇಲ್ಲವೆಂದೆ. ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟೆ.

ಐದು ದಿನ ತಡೆದೆ. ಆರನೆಯ ದಿನ ಕೊಡಲು ಹೋದಾಗ ಅವಳು ಕಾಲು ಚಾಚಿ ಕೂತು ಚಿಕ್ಕ ಈರುಳ್ಳಿ ಸುಲಿಯುತ್ತಿದ್ದಳು. ಈಗ ಸಿಕ್ಕಿತು ಎಂದು ಹಾಳೆ ಮುಂದೆ ಹಿಡಿದೆ.

"ಇರ್ಲಿ ಅಕ್ಕ. ಆಸ್ಪತ್ರೆಗೆ ಹೋಗಿ ಇನ್ನೊಂದು ವಾಂಗ್ಕೊಂಡು ಬಂದೆ."

ಆ ಕಾಲಿನಲ್ಲಿ ಮತ್ತೆ ಬಸ್ಸು ಹತ್ತಿದ್ದಳು. ನನಗೆ ಸುಳ್ಳು ಮುಂದುವರಿಸಲಾಗಲಿಲ್ಲ.

"ಬೇಕಂತ್ಲೇ ಇಟ್ಕೊಂಡಿದ್ದೆ," ಎಂದೆ.

"ಯಾಕಕ್ಕ?"

"ಹೊಟ್ಟೆಕಿಚ್ಚು."

ಅವಳು ಇನ್ನೂ ಮೂರ್ನಾಲ್ಕು ಈರುಳ್ಳಿ ಸುಲಿದಳು. ಆಮೇಲೆ, "ವಿಚಾರಣೆ ದಿನ ಬಾ. ಅಲ್ಲಿ ಮೆಟ್ಲು ಜಾಸ್ತಿ, ಕೈ ಹಿಡ್ಕೊಳಕ್ಕೆ ಯಾರಾದ್ರೂ ಬೇಕು," ಎಂದಳು.

ಹೋದೆ. ಎಡಗೈ ಕೊಟ್ಟು ಹತ್ತಿಸಿದೆ. ಅಷ್ಟಾದ ಮೇಲೂ, ಅವಳು ಒಮ್ಮೆಯಾದರೂ ತೊದಲಲಿ ಎಂದು ಹಿಂದಿನ ಬೆಂಚಿನಲ್ಲಿ ಕಾಯುತ್ತಿದ್ದೆ.

"ಉಕ್ಕಾಂದೇ ಸೊಲ್ಲುಂಗಮ್ಮಾ," ಕೂತೇ ಹೇಳಿ ಎಂದು ನ್ಯಾಯಾಧೀಶರು ಅವಳಿಗೆ ಕುರ್ಚಿ ಹಾಕಿಸಿದರು. ವಿಮಾ ಕಂಪನಿಯ ವಕೀಲರು, ನಿಮ್ಮ ಡ್ರೈವರೇ ಜೋರಾಗಿ ಓಡಿಸಿದನಲ್ಲವೇ ಎಂದು ಕೇಳಿದರು. ದಾರಿ ಬಿಡಲು ನಮ್ಮ ಕಾರು ಪಕ್ಕಕ್ಕೆ ನಿಂತಿತ್ತು, ನಿಂತ ಕಾರು ಹೇಗೆ ಓಡುತ್ತದೆ ಎಂದು ತಮಿಳಿನಲ್ಲಿ ಮೆಲ್ಲಗೆ ಉತ್ತರಿಸಿದಳು. ನೆಲಕ್ಕೆ ಕೂರಲಾಗದ್ದು, ಮೆಣಸು ಬಿಡಿಸುವ ಕೆಲಸ ತಪ್ಪಿದ್ದು, ಎಲ್ಲವನ್ನೂ ಹೇಳಿದಳು. ನ್ಯಾಯಾಧೀಶರು ತಲೆಯೆತ್ತಿ ಕೇಳುತ್ತಿದ್ದರು.

ಕೆಲವು ತಿಂಗಳಾದ ಮೇಲೆ ಅವಳಿಗೆ ಪರಿಹಾರ ಕೊಡಬೇಕೆಂದು ತೀರ್ಪು ಬಂತು. ನನ್ನ ಕೇಸು ರಾಜಿಯಲ್ಲಿ ಮುಗಿಯಿತು. ವಕೀಲರು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ. ಅವರು ಒಳ್ಳೆಯವರು, ಮೋಸ ಮಾಡಲಿಲ್ಲ. ಆದರೆ ಅಂದು ತಿರುವಿನಲ್ಲಿ ಏನಾಯಿತಮ್ಮಾ ಎಂದು ನನ್ನನ್ನು ಯಾರೂ ಕೇಳಲಿಲ್ಲ.