ಎಡಗಡೆಯ ಸದ್ದು

ಹೊಲಿಗೆ ಯಂತ್ರ ರಿಪೇರಿಯ ಮೇಷ್ಟ್ರಿಗೆ ಕೈಗಿಂತ ಕಿವಿಯಿಂದಲೇ ಹೆಸರು ಬಂದಿತ್ತು. ತಾಯ್ನಾಡಿನ ಪೇಟೆಬೀದಿಯಲ್ಲಿ ಅಂಗಡಿ ಇಟ್ಟಿದ್ದ ಇಪ್ಪತ್ತೆರಡು ವರ್ಷವೂ, ಗಿರಾಕಿ ಯಂತ್ರವನ್ನು ಇಳಿಸಿ ಚಕ್ರವನ್ನು ಒಂದು ಸುತ್ತು ತಿರುಗಿಸುವಷ್ಟರಲ್ಲಿ, ಅವರು ತಲೆಯೆತ್ತದೆಯೇ "ಶಟಲ್ ಸವೆದಿದೆ, ಬಿಟ್ಟುಹೋಗಿ" ಎನ್ನುತ್ತಿದ್ದರು. ಆ ಮಾತು ಒಮ್ಮೆಯೂ ಹುಸಿಯಾಗಿರಲಿಲ್ಲ. ಜನ ಅವರನ್ನು ಕಿವಿ ಮೇಷ್ಟ್ರು ಎಂದರು. ಐವತ್ತರ ಹೊಸ್ತಿಲಲ್ಲಿ ನರ್ಸ್ ಹೆಂಡತಿಯ ಬೆನ್ನಿಗೆ ಪರದೇಶಕ್ಕೆ ಬಂದು, ಹಾಸಿಗೆ ಕವರು ಹೊಲಿಯುವ ಕಾರ್ಖಾನೆಯಲ್ಲಿ ನಲವತ್ತು ಯಂತ್ರಗಳ ಉಸ್ತುವಾರಿ ಹಿಡಿದ ಮೇಲೂ ಆ ಹೆಸರು ಅವರನ್ನು ಬಿಡಲಿಲ್ಲ. ಅಲ್ಲಿ ಅದನ್ನು ಹಬ್ಬಿಸಿದವರು ಅವರೇ.

ಕಾರಿನ ಪ್ರಸಂಗ ಬಂದದ್ದು ಹೆಂಡತಿಯ ಹೊಸ ಕೆಲಸದಿಂದ. ಆಸ್ಪತ್ರೆಯ ರಾತ್ರಿಪಾಳಿಯಲ್ಲಿ ಆರು ವರ್ಷ ಸವೆದ ಮೇಲೆ ಆಕೆಗೆ ಹಗಲಿನ ಕೆಲಸ ಸಿಕ್ಕಿತ್ತು: ಮನೆಮನೆಗೆ ಹೋಗಿ ವಯಸ್ಸಾದವರ ಹುಣ್ಣು ತೊಳೆದು ಬ್ಯಾಂಡೇಜ್ ಕಟ್ಟುವುದು. ಷರತ್ತು ಒಂದೇ. ಸೋಮವಾರ ಬೆಳಿಗ್ಗೆ ಏಳಕ್ಕೆ ಸ್ವಂತ ಕಾರಿನಲ್ಲಿ ಹಾಜರಾಗಬೇಕು. ಇಲ್ಲವಾದರೆ ಕೆಲಸ ಇನ್ನೊಬ್ಬರ ಪಾಲು.

ಮೂರು ವಾರ ಅಲೆದರು. ಒಂದು ಕಾರಿನೊಳಗೆ ಒದ್ದೆ ನಾಯಿಯ ವಾಸನೆ. ಇನ್ನೊಂದರ ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು. ಕೊನೆಗೆ ಗುರುವಾರ ಮಧ್ಯಾಹ್ನ, ಬಸ್ಸಿನ ಕೊನೆಯ ನಿಲ್ದಾಣದಾಚೆಯ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ, ಪುಟ್ಟದೊಂದು ನೀಲಿ ಕಾರು ಅವರ ಕಣ್ಣಿಗೆ ಬಿತ್ತು.

"ಇಷ್ಟ ಆದ್ರೂ ಮುಖದಲ್ಲಿ ತೋರಿಸ್ಬೇಡ," ಮೇಷ್ಟ್ರು ಪಿಸುಗುಟ್ಟಿದರು. "ನೀನು ಹಲ್ಲು ಬಿಟ್ರೆ ಅವನು ರೇಟು ಬಿಡಲ್ಲ."

"ರೀ, ಬೆಲೆ ಚೀಟಿ ಗಾಜಿಗೇ ಅಂಟಿಸಿದಾರೆ."

"ಅಂಟಿಸಿದ್ದು ಕಿತ್ತರೆ ಬರತ್ತೆ."

ಮಾರಾಟಗಾರ ಇಸ್ತ್ರಿ ಹಾಕಿದಂಥ ಮಾತಿನ, ನಡುವಯಸ್ಸಿನ ಮನುಷ್ಯ. ಕೇಳಿದ್ದೆಲ್ಲವನ್ನೂ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಆ ದೇಶದ ಭಾಷೆ ಮೇಷ್ಟ್ರಿಗೆ ಅಷ್ಟಕ್ಕಷ್ಟೇ. ಆದ್ದರಿಂದ ಮಾತೆಲ್ಲ ಹೆಂಡತಿಯ ಬಾಯಿಂದಲೇ ದಾಟಬೇಕಿತ್ತು. ಕಾರಿನ ಸೀಟು ತಗ್ಗಾಗಿತ್ತು. ಕೂರಲು ಬಗ್ಗಿದಾಗ ಮೇಷ್ಟ್ರ ಎಡ ಮಂಡಿ ಲಟಕ್ಕೆಂದಿತು. ಅದು ಅವರಿಗೆ ದಿನನಿತ್ಯದ ಸಂಗತಿ. ಹೆಂಡತಿ ಕಾರು ಓಡಿಸಿದಳು, ಮಾರಾಟಗಾರ ಹಿಂದೆ ಕೂತ. ಎಂಜಿನ್ನಿನ ಸದ್ದು ಹೊಸದಾಗಿ ಎಣ್ಣೆ ಬಿಟ್ಟ ಯಂತ್ರದಂತೆ ನುಣ್ಣಗಿತ್ತು. ಹುಡುಕಿದರೂ ಒಂದು ದೋಷವಿಲ್ಲ. ದೋಷ ತೋರಿಸದೆ ಬೆಲೆ ಇಳಿಸುವುದು ಹೇಗೆ?

"ಎಡಗಡೆ ಏನೋ ಸದ್ದು ಬರ್ತಿದೆ ಅಂತ ಹೇಳು."

"ದಿನಾ ಎದೆಬಡಿತ ಕೇಳೋಳು ನಾನು. ನಂಗೇನೂ ಕೇಳಿಸ್ಲಿಲ್ಲ."

"ನೀನು ಹೇಳೇ."

ಹೇಳಿದಳು. ಮಾರಾಟಗಾರನ ಮುಖ ಸಪ್ಪಗಾಯಿತು. "ಎಂಥ ಸದ್ದು?" ಟಿಕ್ ಟಿಕ್ ಅಂತ. "ಯಾವಾಗ ಬರುತ್ತೆ?" ತಿರುವಿನಲ್ಲಿ. "ಇವರಿಗೆ ಯಂತ್ರಗಳ ಅನುಭವ ಇದೆಯಾ?"

"ಮೂವತ್ತು ವರ್ಷ ಅಂತ ಹೇಳು," ಎಂದರು ಮೇಷ್ಟ್ರು, ಎದೆ ಉಬ್ಬಿಸಿ. ಮಾರಾಟಗಾರ ಅದನ್ನೂ ಬರೆದುಕೊಂಡ.

ಮೇಷ್ಟ್ರು ಬೆಲೆ ಚೀಟಿಯತ್ತ ನೋಡಿ ತಲೆಯಾಡಿಸಿ ಹೊರಟೇಬಿಟ್ಟರು. "ತಿರುಗಿ ನೋಡ್ಬೇಡ. ಗೇಟು ದಾಟೋದ್ರೊಳಗೆ ಕರೀತಾನೆ." ಗೇಟು ದಾಟಿದ್ದಾಯಿತು, ಯಾರೂ ಕರೆಯಲಿಲ್ಲ. ಮೇಷ್ಟ್ರು ಬಗ್ಗಿ ಬೂಟಿನ ಲೇಸು ಬಿಚ್ಚಿ ಕಟ್ಟತೊಡಗಿದರು.

"ಮುಗೀತಾ?"

"ಇನ್ನೊಂದು ಕಾಲಿದೆ."

ಬಸ್ ನಿಲ್ದಾಣ ಮುಟ್ಟುವಾಗ ಹೆಂಡತಿಯ ಫೋನ್ ಬಡಿಯಿತು. ಮೇಷ್ಟ್ರು ಗೆದ್ದವರಂತೆ ನಕ್ಕರು. ಆಕೆ ಕೇಳಿಸಿಕೊಂಡು, ಫೋನನ್ನು ಮೆಲ್ಲಗೆ ಚೀಲಕ್ಕಿಟ್ಟಳು.

"ತುಂಬಾ ಥ್ಯಾಂಕ್ಸ್ ಅಂತೆ. ಇಂಥ ಅನುಭವಸ್ಥರೇ ಸದ್ದು ಕೇಳಿದಾರೆ ಅಂದ್ಮೇಲೆ ಆ ಕಾರನ್ನ ಯಾರಿಗೂ ಮಾರೋ ಹಾಗಿಲ್ವಂತೆ. ಬಿಚ್ಚಿ ನೋಡ್ತಾರಂತೆ. ಮುಂದಿನ ಗುರುವಾರ."

ಅಂದು ಸಂಜೆ ಅಡುಗೆಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಆಕೆ ತಟ್ಟೆಯೊಂದನ್ನು ಮೇಜಿನ ಮೇಲೆ ಕುಕ್ಕಿದಳು. "ಕೇಳಿಸ್ತಾ? ಯಾವ ಕಡೆಯಿಂದ ಬಂತು ಹೇಳಿ ನೋಡೋಣ."

"ವ್ಯಾಪಾರದಲ್ಲಿ ಹಂಗೆಲ್ಲ ಹೇಳೋದು ಇದ್ದದ್ದೇ ಕಣೇ."

"ಹಾಗಾದ್ರೆ ನಾಳೆ ಹೋಗಿ ಸುಳ್ಳು ಹೇಳಿದ್ದೆ ಅನ್ನಿ. ಇಲ್ಲಾ ಕಿವಿ ತಪ್ಪಿತು ಅನ್ನಿ."

ಮೊದಲನೆಯದು ಒಂದು ದಿನದ ಅವಮಾನ, ಎರಡನೆಯದು ಆಯುಷ್ಯದ್ದು. ಆದರೆ ಸುಳ್ಳನೆಂದು ಒಪ್ಪಿಕೊಂಡವನ ಮಾತನ್ನು ಆ ಪುಸ್ತಕದ ಮನುಷ್ಯ ಮತ್ತೆ ನಂಬುವನೇ? ಬಿಟ್ಟುಕೊಡಬೇಕಾದದ್ದು ಕಿವಿಯ ಹೆಸರನ್ನೇ. ಮೇಷ್ಟ್ರು ಅನ್ನ ಕಲೆಸುತ್ತಲೇ ಕೂತರು.

ಆಕೆಯ ದನಿ ತಗ್ಗಿತು. "ಆರು ವರ್ಷ ಆಯ್ತು ರೀ. ನಾನು ಮಲಗೋವಾಗ ನೀವು ಕೆಲಸಕ್ಕೆ ಹೊರಡ್ತೀರಿ. ನೀವು ಬಾಗಿಲು ಎಳೆಯೋ ಸದ್ದೊಂದೇ ನಂಗೆ ಚೆನ್ನಾಗಿ ಗೊತ್ತಿರೋದು."

ಶುಕ್ರವಾರ ಕಾರ್ಖಾನೆಗೆ ರಜೆ ಹಾಕಿ, ಮೇಷ್ಟ್ರು ಆಕೆಯೊಂದಿಗೆ ಮತ್ತೆ ಅಂಗಡಿಗೆ ಹೋದರು. ದಾರಿಯುದ್ದಕ್ಕೂ "ನನ್ನ ಕಿವಿ ತಪ್ಪಿತು" ಎಂಬ ವಾಕ್ಯವನ್ನು ಆ ದೇಶದ ಭಾಷೆಯಲ್ಲೇ ಬಾಯಿಪಾಠ ಮಾಡಿಕೊಂಡಿದ್ದರು. ಸದ್ದಿನ ಮಾತು ವಾಪಸು ಪಡೆಯಲು ಬಂದಿದ್ದೇವೆ ಎಂದು ಹೆಂಡತಿ ಹೇಳಿದೊಡನೆ ಮಾರಾಟಗಾರ ಫಾರಂ ತೆಗೆದ. ದೂರು ಹಿಂದಕ್ಕೆ ಪಡೆಯಬೇಕಾದರೆ ಸದ್ದಿನ ಮೂಲ ನಮೂದಿಸಬೇಕು. ನಿನ್ನೆ ಕೂತಲ್ಲೇ ಕೂತು ಕೇಳಿ ಹೇಳಲಿ ಎಂದ. ಮೇಷ್ಟ್ರು ಬಾಗಿಲು ತೆರೆದು, ಗಂಟಲು ಸರಿಮಾಡಿಕೊಂಡು, ಸೀಟಿಗೆ ಬಗ್ಗಿದರು.

ಲಟಕ್!

ಮೂವರಿಗೂ ಕೇಳಿಸಿತು. ಮಾರಾಟಗಾರ ಮೊದಲು ಕಾರಿನ ಬಾಗಿಲನ್ನೂ ಆಮೇಲೆ ಮೇಷ್ಟ್ರ ಮಂಡಿಯನ್ನೂ ನೋಡಿದ. ಬಾಯಿಪಾಠದ ವಾಕ್ಯ ನಾಲಗೆಯ ತುದಿಯಲ್ಲೇ ನಿಂತಿತು.

"ಎಡಗಡೆ ಅಂತ ನಾನು ಹೇಳಿರ್ಲಿಲ್ವಾ?" ಎಂದರು ಮೇಷ್ಟ್ರು ಹೆಂಡತಿಯ ಕಡೆ ತಿರುಗಿ.

ಆಕೆ ತುಟಿ ಕಚ್ಚಿಕೊಂಡು ಅದನ್ನು ದಾಟಿಸಿದಳು. ಮಾರಾಟಗಾರ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. "ತಿರುವಿನಲ್ಲಿ ಟಿಕ್ ಟಿಕ್ ಅಂದದ್ದು?" ತಿರುವಿನಲ್ಲಿ ಹೆದರಿಕೆಯಾಗಿ ಕಾಲು ಒತ್ತಿ ಹಿಡಿದದ್ದು ಎಂದು ಉತ್ತರ ಹೋಯಿತು. ಖಾತ್ರಿಗಾಗಿ ಮೇಷ್ಟ್ರನ್ನು ಮೂರು ಬಾರಿ ಎಬ್ಬಿಸಿ ಕೂರಿಸಿದ. ಎರಡನೆಯ ಬಾರಿ ಮಂಡಿ ಸದ್ದೇ ಮಾಡದೆ ಕೈಕೊಟ್ಟಿತು; ಮೂರನೆಯದಕ್ಕೆ ಲಟಕ್ಕೆಂದು ಮರ್ಯಾದೆ ಉಳಿಸಿತು. ಫಾರಮಿನಲ್ಲಿ ಹೀಗೆ ದಾಖಲಾಯಿತು: "ಸದ್ದಿನ ಮೂಲ: ಗಿರಾಕಿಯ ಎಡ ಮಂಡಿ. ವಾಹನಕ್ಕೆ ಸಂಬಂಧವಿಲ್ಲ." ಮೇಷ್ಟ್ರು ಅಂದವಾಗಿ ಸಹಿ ಹಾಕಿದರು. ಬೆಲೆ ಮಾತ್ರ ಚೀಟಿಯಲ್ಲಿದ್ದಷ್ಟೇ ಆಯಿತು.

ಸೋಮವಾರ ಏಳಕ್ಕೆ ಹತ್ತು ನಿಮಿಷವಿರುವಾಗಲೇ ನೀಲಿ ಕಾರು ಕಚೇರಿಯ ಮುಂದೆ ನಿಂತಿತ್ತು. ಅಂದಿನಿಂದ ದಂಪತಿ ಒಟ್ಟಿಗೇ ಮನೆ ಬಿಡುವಂತಾಯಿತು. ಬಾಗಿಲು ಎಳೆಯುವ ಕೆಲಸ ಈಗ ಆಕೆಯದು.

ಎರಡನೆಯ ತಿಂಗಳ ಒಂದು ಭಾನುವಾರ, ತರಕಾರಿ ತುಂಬಿಕೊಂಡು ಮನೆಯತ್ತ ತಿರುಗುವಾಗ, ಎಡಗಡೆಯಿಂದ ಸ್ಪಷ್ಟವಾಗಿ ಟಿಕ್ ಟಿಕ್ ಎಂದಿತು. ಮೇಷ್ಟ್ರಿಗೆ ಹಿಂದಿನ ತಿರುವಿನಲ್ಲೇ ಕೇಳಿಸಿತ್ತು.

"ರೀ, ಏನೋ ಸದ್ದು ಬಂದ ಹಾಗಾಯ್ತಲ್ಲ?"

ಮೇಷ್ಟ್ರು ಎಡಗಾಲನ್ನು ಹತ್ತಿರ ಎಳೆದುಕೊಂಡು ನೀವತೊಡಗಿದರು. "ನಂದೇ ಕಣೇ."

ಮನೆ ಸೇರಿದ ಮೇಲೆ, ಅಂಗಳದಲ್ಲಿ ಸ್ವಲ್ಪ ಓಡಾಡಿ ಮಂಡಿ ಸಡಿಲ ಮಾಡಿಕೊಂಡು ಬರುತ್ತೇನೆಂದು ಅವರು ಮತ್ತೆ ಮೆಟ್ಟಿಲಿಳಿದರು. ಆಕೆ ಕಿಟಕಿಯಿಂದ ನೋಡಿದಳು. ಮೇಷ್ಟ್ರ ಕೈಯಲ್ಲಿ ಸ್ಪ್ಯಾನರ್ ಇತ್ತು.