ಎದುರುಮನೆಯಾಕೆಗಿಂತ

ಐವತ್ತು ದಾಟಿದ ಮೇಲೆ ಟೈಲರಮ್ಮನಿಗೆ ಇಂಗ್ಲಿಷ್ ಕಲಿಯುವ ಹುಚ್ಚು ಹಿಡಿಯಿತು. ಬಟ್ಟೆ ಹೊಲಿಸಲು ಬರುವ ಹುಡುಗಿಯರು ತೋಳು ಗಿಡ್ಡ ಬೇಡ ಅನ್ನುವುದನ್ನೂ ಇಂಗ್ಲಿಷಿನಲ್ಲೇ ಉದುರಿಸುತ್ತಿದ್ದರೆ ಪಾಪ, ಅವಳಾದರೂ ಏನು ಮಾಡಿಯಾಳು! ಎದುರುಮನೆಯ ಬೇಕರಿಯಾಕೆಯೂ ಜೊತೆಗೆ ಹೊರಟಳು. ಔಷಧಿ ಅಂಗಡಿಯ ಮಹಡಿಯಲ್ಲಿ, ಕಾಲು ಅಲ್ಲಾಡುವ ಬೆಂಚುಗಳ ಮೇಲೆ ಸಂಜೆ ಕ್ಲಾಸು.

ಮೊದಲ ವಾರ ಮೇಷ್ಟ್ರು ನಿಷೇಧದ ಮಾತು ಕಲಿಸಿದರು. ಡೋಂಟ್, ಮಸ್ಟ್ ನಾಟ್, ನಾಟ್ ಅಲೋಡ್. "ಒಂದೊಂದು ವಾಕ್ಯ ಹೇಳಿ" ಅಂದದ್ದೇ ತಡ, ಟೈಲರಮ್ಮ ನೀರು ಕುಡಿದಷ್ಟು ಸಲೀಸಾಗಿ ಶುರು ಹಚ್ಚಿಕೊಂಡಳು. ಬಾಗಿಲಲ್ಲಿ ನಿಲ್ಲಬೇಡ, ಜೋರಾಗಿ ನಗಬೇಡ, ಒದ್ದೆ ತಲೆಯಲ್ಲಿ ಮಲಗಬೇಡ, ಹಾಸಿಗೆ ಮೇಲೆ ಕತ್ತರಿ ಇಡಬೇಡ. ಹರಕು ಮುರುಕು ಇಂಗ್ಲಿಷೇ, ಆದರೂ ಹೊಳೆ ಹರಿದ ಹಾಗೆ.

"ಸಾಕಮ್ಮಾ ಸಾಕು! ಇಷ್ಟೆಲ್ಲ ಎಲ್ಲಿ ಕಲಿತ್ರಿ?"

"ನಮ್ಮತ್ತೆ ಹತ್ರ ಸಾರ್. ಮದುವೆಯಾದ ದಿನದಿಂದ ಟ್ಯೂಷನ್!"

ಕ್ಲಾಸೆಲ್ಲ ನಕ್ಕಿತು, ಅವಳೂ ನಕ್ಕಳು. ಮನೆಗೆ ಬಂದವಳು ಮಾತ್ರ ಒಳಗೆ ಹೋಗದೆ ಬಾಗಿಲಲ್ಲೇ ನಿಂತಳು. ಅತ್ತೆ ಹೋಗಿ ವರ್ಷವಾಗಿತ್ತು. ಈಗ ಬಾಗಿಲಲ್ಲಿ ಎಷ್ಟು ಹೊತ್ತು ನಿಂತರೂ ಕೇಳುವವರಿಲ್ಲ.

ಅಬ್ಬಾ, ಎಂಥ ಬಾಯಿ ಅದು! ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಸೊಸೆ ಹೊಲಿದ ಬಟ್ಟೆಗೆ ಗುಂಡಿ ಹಾಕುತ್ತಾ, "ಎದುರುಮನೆಯವಳನ್ನ ನೋಡು, ಬೆಳಗಾಗೋದ್ರೊಳಗೆ ಒಲೆ ಹಚ್ಚಿರ್ತಾಳೆ. ನೀನೂ ಇದ್ದೀಯ!" ಅನ್ನುತ್ತಿದ್ದರು. ಸೊಸೆಗೆ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಪಕ್ಕದಲ್ಲೇ ಕೂತಿರುತ್ತಿದ್ದವರೂ ಅವರೇ. ಆದರೆ ಹೊಗಳಿಕೆ? ಊಹೂಂ. ಕೊನೆಯ ದಿನದವರೆಗೂ ಟೈಲರಮ್ಮ ಕಾದಳು. ಒಂದು ದಿನಕ್ಕಾದರೂ ನಾನು ಅವರಿಗೆ ಸರಿ ಅನ್ನಿಸಿದ್ದೆನಾ? ಆ ಪ್ರಶ್ನೆ ಹೊಟ್ಟೆಯಲ್ಲೇ ಉಳಿದುಹೋಯಿತು.

ಮುಂದಿನ ವಾರ ಹೋಲಿಕೆಯ ಪಾಠ. ಪಕ್ಕದಲ್ಲಿ ಕೂತವರ ಬಗ್ಗೆ ಒಂದು ವಾಕ್ಯ ಹೇಳಬೇಕು. ಟೈಲರಮ್ಮ ಯೋಚನೆ ಮಾಡಲೇ ಇಲ್ಲ. ಬೇಕರಿಯಾಕೆಯ ಕಡೆ ಕೈ ತೋರಿಸಿ "ಶಿ ಈಸ್ ಬೆಟರ್ ದ್ಯಾನ್ ಮಿ" ಅಂದು ಕೂತುಬಿಟ್ಟಳು.

ಬೇಕರಿಯಾಕೆ ಧಡಕ್ಕನೆ ಎದ್ದಳು. "ಅಯ್ಯೋ, ಅದು ನಾನು ಹೇಳಬೇಕಾದ ಮಾತು! ಸಾರ್, ಇವಳ ಅತ್ತೆ ಬ್ರೆಡ್ಡಿಗೆ ಬಂದಾಗಲೆಲ್ಲ ಅದೇ ಹಾಡು. 'ನನ್ನ ಸೊಸೆಯನ್ನ ನೋಡಿ ಕಲಿ. ಅವಳ ಕೈಕೆಲಸಕ್ಕೆ ಈ ಬೀದೀಲಿ ಸಾಟಿ ಯಾರಿದ್ದಾರೆ?' ಕೇಳಿ ಕೇಳಿ ಬಾಯಿಪಾಠ ಆಗಿದೆ. ನಿನ್ನ ಮುಖ ಕಂಡ್ರೆ ಮೈ ಉರೀತಿತ್ತು ಕಣೇ. ಅದಕ್ಕೇ ನಿನಗೆ ಹೇಳ್ಲಿಲ್ಲ."

ಟೈಲರಮ್ಮ ಬೆಂಚಿನ ಅಂಚು ಹಿಡಿದುಕೊಂಡಳು. "ನಮ್ಮತ್ತೆನಾ? ನನ್ನ ಬಗ್ಗೆನಾ?"

"ಇನ್ಯಾರ ಬಗ್ಗೆ?"

ಇಂಗ್ಲಿಷಿನಲ್ಲೇ ಮಾತಾಡಿ ಅನ್ನಲು ಬಾಯಿ ತೆರೆದ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು.

"ನನಗ್ಯಾಕೆ ಹೇಳ್ಲಿಲ್ಲ ಆ ಮುದುಕಿ!" ಎಂದು ಟೈಲರಮ್ಮ ಎಲ್ಲರೆದುರೂ ಗೊಳೋ ಎಂದು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಬೇಕರಿಯಾಕೆಯ ಕೈ ಜಗ್ಗಿದಳು. "ಇನ್ನೊಂದ್ಸಲ ಹೇಳೇ. ಅವರು ಹೇಳಿದ ಹಾಗೇ ಹೇಳು."