ಈಸ್ಟರ್ನ್ ಟೈಮಿನ ದಶಮಿ

ನನ್ನ ಕಾರಿಗೆ ನನ್ನ ಗುರುತಿಲ್ಲ. ಇದು ದೂರಲ್ಲ, ದಾಖಲೆ. ಕೀ ಹಿಡಿದು ಬಾಗಿಲು ತೆರೆದರೆ ಸಾಕು, ಡ್ರೈವರ್ ಸೀಟು ಗುರ್ರೆಂದು ಮುಂದಕ್ಕೆ ಸರಿದು, ಸ್ವಲ್ಪ ಮೇಲಕ್ಕೆದ್ದು, ಐದಡಿ ಒಂದಂಗುಲದ ಒಬ್ಬಳಿಗಾಗಿ ಸಿದ್ಧವಾಗಿ ನಿಲ್ಲುತ್ತದೆ. ಪಕ್ಕದ ಕನ್ನಡಿಗಳೂ ಅವಳ ಕಣ್ಣಿನ ಮಟ್ಟಕ್ಕೆ ಬಾಗುತ್ತವೆ. ನಾನು ಐದಡಿ ಏಳು. ಒಳಗೆ ತೂರಿಕೊಳ್ಳುವಾಗ ಮೊಣಕಾಲು ಸ್ಟಿಯರಿಂಗಿಗೆ ಬಡಿಯುತ್ತದೆ. ಜುಲೈಯಿಂದ ಡಿಸೆಂಬರ್‌ವರೆಗೆ ಹೀಗೆ ಬಡಿಸಿಕೊಂಡದ್ದು ನಲವತ್ತೊಂದು ಸಲ. ಬಲಗಾಲು ಮೂವತ್ತು, ಎಡಗಾಲು ಹನ್ನೊಂದು. ಸೀಟಿನ ನೆನಪನ್ನು ಬದಲಿಸಲು ಬಾಗಿಲಿನ ಬಳಿ ಒಂದು ಗುಂಡಿಯಿದೆ, ಮೂರು ಸೆಕೆಂಡು ಒತ್ತಿ ಹಿಡಿದರಾಯಿತು. ನಾನು ಇದುವರೆಗೆ ಎರಡು ಸೆಕೆಂಡು ಒತ್ತಿದ್ದೇನೆ.

ಕಾರು ನನ್ನ ಅಕ್ಕನದು. ಅಟ್ಲಾಂಟಾದಲ್ಲಿದ್ದಳು. ತಲೆನೋವೆಂದು ಆಸ್ಪತ್ರೆಗೆ ಹೋದವಳು ಮೂರನೆಯ ದಿನ, ಜೂನ್ ತಿಂಗಳ ಒಂದು ಶನಿವಾರ, ತೀರಿಕೊಂಡಳು. ಮೂವತ್ನಾಲ್ಕು ವರ್ಷ. ಗ್ಯಾರೇಜಿನಲ್ಲಿ ನಿಂತ ಆ ಕಾರನ್ನು ನೋಡಲಾಗುವುದಿಲ್ಲ ಎಂದು ಭಾವ ಅದನ್ನು ನನಗೆ ಕೊಟ್ಟುಬಿಟ್ಟರು. ಹೀಗೆ ಅವರ ಕಣ್ಣಿಂದ ಮರೆಯಾದದ್ದು ತಿಂಗಳಿಗೊಮ್ಮೆ ಅವರ ಮನೆಬಾಗಿಲಿಗೇ ಮರಳಿ ಬರುತ್ತಿತ್ತು. ಏಕೆಂದರೆ ಅವರು ಪ್ರತಿ ತಿಂಗಳೂ ಮಾಸಿಕ ಮಾಡುತ್ತಿದ್ದರು. ನಾನಿರುವ ರಾಕ್‌ವಿಲ್ಲಿನಿಂದ ಆರುನೂರ ಐವತ್ತು ಚಿಲ್ಲರೆ ಮೈಲಿ ಅದೇ ಕಾರಿನಲ್ಲಿ ಹೋಗುತ್ತಿದ್ದೆ.

ವಿಮಾನದಲ್ಲಿ ಎರಡು ಗಂಟೆಯೂ ಬೇಡ. "ಯಾಕೆ ಸುಮ್ನೆ ಡ್ರೈವ್ ಮಾಡ್ತೀಯಾ, ಫ್ಲೈ ಮಾಡು," ಎಂದು ಭಾವ ಆರು ಸಲ ಹೇಳಿದ್ದಾರೆ. ಎಳ್ಳು, ದರ್ಭೆ, ಬಾಳೆ ಎಲೆ ತರಬೇಕಲ್ಲ ಎಂದು ನಾನು ಆರು ಸಲವೂ ಹೇಳಿದ್ದೇನೆ, ಅಟ್ಲಾಂಟಾದಲ್ಲಿ ಎಳ್ಳು ಸಿಗುವುದಿಲ್ಲವೇನೋ ಎಂಬಂತೆ. ನಿಜ ಕಾರಣವನ್ನು ನಿಮಗೆ ಹೇಳುತ್ತೇನೆ, ಭಾವನಿಗೆ ಹೇಳಬೇಡಿ. ಬೆಳಿಗ್ಗೆ ಆರಕ್ಕೆ ಹೊರಟು ಅಟ್ಲಾಂಟಾ ತಲುಪುವವರೆಗಿನ ಹನ್ನೊಂದು ಗಂಟೆ, ನಾನು ಅಕ್ಕನ ಮನೆಗೆ ಹೋಗುತ್ತಿರುತ್ತೇನೆ. ಅದು ಸುಳ್ಳಲ್ಲ. ಯಾವ ಪೊಲೀಸರು ನಿಲ್ಲಿಸಿ ಕೇಳಿದರೂ ಹಾಗೆಂದೇ ಹೇಳಬಹುದು. ಹೋಗುತ್ತಿರುವಷ್ಟು ಹೊತ್ತೂ ದಾರಿಯ ಆ ತುದಿಯಲ್ಲಿ ಅವಳು ಇರುತ್ತಾಳೆ. ತಲುಪಿದ ಮೇಲಷ್ಟೇ ಇರುವುದಿಲ್ಲ. ಇಂಥದ್ದನ್ನು ಎರಡು ಗಂಟೆಯಲ್ಲಿ ಮುಗಿಸುವುದು ದಡ್ಡತನ.

ಆದರೆ ಹನ್ನೊಂದು ಗಂಟೆ ಒಬ್ಬಳೇ ಕೂತರೆ ರಸ್ತೆ ವಿಚಿತ್ರವಾಗಿ ವರ್ತಿಸತೊಡಗುತ್ತದೆ. ವರ್ಜೀನಿಯಾ ದಾಟಿದ ಮೇಲೆ ಎರಡೂ ಕಡೆ ಪೈನ್ ಮರಗಳು, ಒಂದೇ ಎತ್ತರ, ಒಂದೇ ದೂರ. ಪ್ರತಿ ಎಕ್ಸಿಟ್ಟಿನಲ್ಲೂ ಅದೇ ನಾಲ್ಕು ಹೋಟೆಲು, ಅದೇ ಪೆಟ್ರೋಲ್ ಬಂಕು. ಬಿಟ್ಟು ಬಂದ ಊರೇ ಮುಂದೆ ಓಡಿ ಹೋಗಿ ಮತ್ತೆ ಕಾಯುತ್ತಿದೆ ಅನ್ನಿಸುತ್ತದೆ. ದಕ್ಷಿಣ ಕ್ಯಾರೊಲೈನಾ ಮುಟ್ಟಿದರೆ ಕುಡ್ಜು ಬಳ್ಳಿ. ಮರ, ಕಂಬ, ಹಳೆಯ ಮನೆ, ಏನೇ ಇರಲಿ, ಅದರ ಮೇಲೆ ಹಸಿರು ಕಂಬಳಿ ಹೊದಿಸಿಬಿಡುತ್ತದೆ. ಹೊದಿಕೆಯ ಆಕಾರ ಕಾಣುತ್ತದೆ, ಒಳಗಿರುವುದು ಕಾಣುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಮೈಲಿಗಟ್ಟಲೆ ಆಳೆತ್ತರದ ಹಸಿರು ಆಕಾರಗಳು ರಸ್ತೆಯ ಕಡೆ ಸ್ವಲ್ಪ ಬಾಗಿ ನಿಂತಿರುತ್ತವೆ, ಯಾರೋ ಪರಿಚಯದವರು ಬರಬಹುದೆಂದು ಕಾದವರಂತೆ. ಚಳಿಗಾಲದಲ್ಲಿ ಎಲೆ ಉದುರಿದಾಗ ನೋಡಿದೆ: ಒಳಗೆ ಬರೀ ಬಳ್ಳಿ. ನಾನು ಮನೆಯೆಂದುಕೊಂಡಿದ್ದ ಒಂದು ಆಕಾರದೊಳಗೆ ಮನೆಯೇ ಇರಲಿಲ್ಲ.

ಎಣಿಸುವುದು ನನ್ನ ಚಾಳಿ. ಹೆದರಿಕೆಯಾದಾಗ ಕೆಲವರು ಸ್ತೋತ್ರ ಹೇಳುತ್ತಾರೆ, ನಾನು ಎಣಿಸುತ್ತೇನೆ. ದಾರಿಯಲ್ಲಿ ಕಾಣುವ ನೀರಿನ ಟ್ಯಾಂಕುಗಳನ್ನು ಎಣಿಸಿದೆ, ಪೀಚ್ ಹಣ್ಣಿನ ಆಕಾರದ್ದೂ ಸೇರಿ. ಹೋಗುವಾಗ ಇಪ್ಪತ್ತಮೂರು. ಬರುವಾಗ ಇಪ್ಪತ್ತೆರಡು. ತಪ್ಪಿರಬೇಕೆಂದು ಮುಂದಿನ ತಿಂಗಳು ಮತ್ತೆ ಎಣಿಸಿದೆ. ಹೋಗುವಾಗ ಇಪ್ಪತ್ತಮೂರು, ಬರುವಾಗ ಇಪ್ಪತ್ತೆರಡು. ಐದು ತಿಂಗಳು ಇದೇ ಲೆಕ್ಕ. ಯಾವುದೋ ಒಂದು, ಹಿಂದಿರುಗುವವರಿಗೆ ಗುಡ್ಡದ ಮರೆಯಾಗುತ್ತಿರಬೇಕು. ಯಾವುದೆಂದು ಕಂಡುಹಿಡಿಯುವುದು ಕಷ್ಟವಲ್ಲ. ಕಂಡುಹಿಡಿದಿಲ್ಲ.

ಅರ್ಧ ದಾರಿಗೆ ಡರ್ಹಮ್. ಅಲ್ಲಿ ಶಾಹಿದಾ ಆಂಟಿಯ ಮನೆ. ಮೈಸೂರಿನವರು, ಅಕ್ಕನಿಗೆ ಅಮೆರಿಕದಲ್ಲಿ ಸಿಕ್ಕ ಮೊದಲ ಸ್ನೇಹಿತೆ, ಈಗ ನನಗೆ ತಿಂಗಳಿಗೊಂದು ಊಟದ ಋಣ. ಮೊದಲ ಸಲ ಹೋದಾಗ ಬಾಗಿಲು ತೆರೆದವರು ನನ್ನ ಹೆಗಲಾಚೆ ಕಾರಿನ ಕಡೆ ನೋಡಿ, "ಅಯ್ಯೋ, ಅವ್ರನ್ಯಾಕೆ ಬಿಸಿಲಲ್ಲಿ ಕೂರ್ಸಿದ್ಯಾ? ಒಳಗೆ ಕರ್ಕೊಂಡ್ ಬಾರೇ," ಎಂದರು.

ನಾನು ತಿರುಗಿ ನೋಡಿದೆ. ಪಕ್ಕದ ಸೀಟಿನಲ್ಲಿ ಒಬ್ಬರು ಕೂತಿದ್ದರು. ಟೋಪಿ, ಬೆಲ್ಟು, ಸ್ವಲ್ಪ ಮುಂದಕ್ಕೆ ಬಾಗಿದ ತಲೆ.

ಮಾಸಿಕದ ಸಾಮಾನಿನ ಚೀಲ ಭಾರವಾಗಿದ್ದರಿಂದ ಕಾರು ಅದನ್ನು ಮನುಷ್ಯರೆಂದು ತಿಳಿದು, ಬೆಲ್ಟ್ ಹಾಕಿ ಎಂದು ಟಿಂಗ್ ಟಿಂಗ್ ಬಡಿದುಕೊಳ್ಳುತ್ತಿತ್ತು. ಹಾಗಾಗಿ ಚೀಲಕ್ಕೆ ಬೆಲ್ಟ್ ಹಾಕಿದ್ದೆ. ಮೇಲೆ ಅಕ್ಕನ ಹುಲ್ಲಿನ ಟೋಪಿ ಇಟ್ಟಿದ್ದೆ, ಬೇರೆಲ್ಲೂ ಜಾಗವಿಲ್ಲದೆ. ಅಷ್ಟೇ. ವಿವರಣೆ ಕೇಳಿ ಆಂಟಿ ನಕ್ಕರು, ನಾನೂ ನಕ್ಕೆ. ಆದರೆ ಊಟ ಮುಗಿಯುವವರೆಗೂ ಇಬ್ಬರೂ ಕಿಟಕಿಗೆ ಬೆನ್ನು ಹಾಕಿಯೇ ಕೂತಿದ್ದೆವು. ಟೋಪಿಯನ್ನು ಹಿಂದಿನ ಸೀಟಿಗೆ ಹಾಕಬಹುದಿತ್ತು. ಆಗಸ್ಟ್‌ನಲ್ಲೂ ಅದು ಅಲ್ಲೇ ಇತ್ತು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದಿದ್ದದ್ದು ಅಮ್ಮನ ಫೋನು.

ಅಮ್ಮ ಮೈಸೂರಿನಲ್ಲಿ ಚಿಕ್ಕಪ್ಪನ ಕುಟುಂಬದ ಜೊತೆ ಇದ್ದಾಳೆ, ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾಳೆ. ಮದುವೆಯಾದ ಮಗಳ ಮಾಸಿಕ ಗಂಡನದ್ದೇ ಕೆಲಸ, ತಾಯಿಗೆ ಅದರಲ್ಲಿ ಪಾತ್ರವಿಲ್ಲ. ಆದರೂ ಪುರೋಹಿತರಿಂದ ತಿಥಿ ಕೇಳಿ ತಿಳಿದುಕೊಂಡು, ಪ್ರತಿ ತಿಂಗಳು ಆ ದಿನ ಅಕ್ಕನಿಗೆ ಇಷ್ಟವಾದ ಹುಳಿ, ಹೀರೇಕಾಯಿ ಬಜ್ಜಿ, ಗಸಗಸೆ ಪಾಯಸ ಮಾಡಿ ಎಲೆಗೆ ಬಡಿಸಿ ತಾರಸಿಯ ಮೇಲಿಡುತ್ತಿದ್ದಳು, ಕಾಗೆಗೆ. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ. ಮುಟ್ಟದಿದ್ದರೆ ಅವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದರ್ಥ. ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ.

ನಾನು ವರ್ಜೀನಿಯಾದ ಕೊನೆಯಲ್ಲಿರುವಾಗ ಫೋನು ಬರುತ್ತಿತ್ತು, ಅಲ್ಲಿ ಆಗಲೇ ಸಂಜೆ. ಕಾರಿನ ಸ್ಪೀಕರುಗಳಿಂದ, ನಾಲ್ಕೂ ಬಾಗಿಲುಗಳಿಂದ, ಅಮ್ಮನ ದನಿ.

"ಇವತ್ತೂ ಮುಟ್ಲಿಲ್ಲ ಕಣೇ. ಮೂರು ಬಂದ್ವು. ಪ್ಯಾರಪೆಟ್ ಮೇಲೆ ಸಾಲಾಗಿ ಕೂತು ನನ್ನೇ ನೋಡಿದ್ವು. ಹಾರಿ ಹೋದ್ವು."

"ನೀನು ಊಟ ಮಾಡಿದ್ಯಾ?"

"ಹೇಗೆ ಮಾಡ್ಲಿ? ಅವಳು ನಿನ್ನ ಹತ್ರ ಏನಾದ್ರೂ ಹೇಳಿದ್ಲಾ? ಏನಾದ್ರೂ ಬೇಕು ಅಂದಿದ್ಲಾ? ನೆನಪು ಮಾಡ್ಕೊಳೇ."

ನಾನು ನೆನಪು ಮಾಡಿಕೊಳ್ಳುತ್ತ ಓಡಿಸುತ್ತಿದ್ದೆ. ಅಕ್ಕನ ಜೊತೆಗಿನ ಕೊನೆಯ ವರ್ಷದ ಮಾತುಗಳನ್ನೆಲ್ಲ ಪಟ್ಟಿ ಮಾಡಿದೆ. ಅವಳಿಗೆ ಒಂದು ಹೊಲಿಗೆ ಮೆಷಿನ್ ಬೇಕಿತ್ತು. ಅವಳಿಷ್ಟದ ಸಂಪಿಗೆ ಹಳದಿಯ ಗೋಡೆ ಬೇಕಿತ್ತು. ಭಾವ ಬಿಳಿ ಬಳಿಸಿದ್ದರು. ಒಟ್ಟು ಹದಿನಾಲ್ಕು ಆಸೆಗಳು. ಒಂದಕ್ಕೂ ಮೂರು ಕಾಗೆಗಳನ್ನು ಹಸಿದು ವಾಪಸು ಕಳಿಸುವ ತೂಕವಿರಲಿಲ್ಲ. ಅಮ್ಮ ಮಾತ್ರ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದಳು. ವಿಡಿಯೋದಲ್ಲಿ ಅವಳ ಬಳೆ ಮೊಣಕೈವರೆಗೆ ಜಾರುತ್ತಿದ್ದುದನ್ನು ಬರೆದಿಟ್ಟಿದ್ದೇನೆ.

ಡಿಸೆಂಬರಿನಲ್ಲಿ, ಆರನೆಯ ಮಾಸಿಕಕ್ಕೆ ಹೋಗುವಾಗ, ಅದೇ ಫೋನು, ಅದೇ ಮಾತು. ಡರ್ಹಮ್ ತಲುಪಿ ಆಂಟಿಗೆ ಹೇಳಿದೆ.

ಅವರು ಅನ್ನ ಬಡಿಸುವುದನ್ನು ನಿಲ್ಲಿಸಿದರು. "ಇವತ್ತು ಇಟ್ರಾ? ನಿಮ್ ಭಾವ ಮಾಡೋದು ನಾಳೆ ತಾನೇ?"

"ಇಂಡಿಯಾ ಮುಂದಿದೆಯಲ್ಲ ಆಂಟಿ. ಅಲ್ಲಿ ಒಂದು ದಿನ ಮೊದಲೇ ಬರುತ್ತೆ."

"ಒಂದು ದಿನ ಎಲ್ಲಿಂದ್ ಬಂತು? ಹತ್ತೂವರೆ ಗಂಟೆ. ಲೆಕ್ಕದ್ ರಾಣಿ ನೀನು, ನಾನ್ ಹೇಳ್ಬೇಕಾ? ನಮ್ಮಮ್ಮನ ನಲವತ್ತನೇ ದಿನಕ್ಕೆ ನನಗೂ ನನ್ ತಮ್ಮನಿಗೂ ಇದೇ ಜಗಳ ಆಯ್ತು. ಯಾವ ಊರ್ ಟೈಮು ಅಂತ ಮೊದ್ಲು ಕೇಳೇ, ಆಮೇಲೆ ಎಣ್ಸು."

ತಿಥಿಯ ಸ್ವಭಾವ ಸ್ವಲ್ಪ ಹೇಳಬೇಕು. ತಿಥಿ ಚಂದ್ರನದು, ಊರಿನದಲ್ಲ. ನವಮಿ ಮುಗಿದು ದಶಮಿ ಹುಟ್ಟುವ ಗಳಿಗೆ ಮೈಸೂರಿಗೂ ಅಟ್ಲಾಂಟಾಕ್ಕೂ ಒಂದೇ. ಆಗ ಗೋಡೆಯ ಗಡಿಯಾರ ಅಲ್ಲೊಂದು ಹೇಳುತ್ತದೆ, ಇಲ್ಲೊಂದು. ಹಾಗಾಗಿ ಸತ್ತವರ ತಿಥಿ ಎಲ್ಲಿ ಕೂತು ಲೆಕ್ಕ ಹಾಕಿದರೂ ಒಂದೇ ಬರಬೇಕು, ಗಡಿಯಾರ ಯಾವ ಊರಿನದೆಂದು ತಿಳಿದಿದ್ದರೆ. ಅಟ್ಲಾಂಟಾದ ಪುರೋಹಿತರು ಭಾವನನ್ನು ಕೇಳಿದ ಮೊದಲ ಪ್ರಶ್ನೆಯೇ, "ಈಸ್ಟರ್ನ್ ಟೈಮ್ ಅಲ್ವಾ?" ಎಂಬುದು.

ಮೈಸೂರಿಗೆ ಸುದ್ದಿ ಕಳಿಸಿದವಳು ನಾನು. ಆಂಟಿಯ ಊಟದ ಮೇಜಿನ ಮೇಲೆ ಜೂನ್ ತಿಂಗಳ ದಿನಚರಿ ತೆರೆದೆ. ಕಳಿಸಿದ ಮೆಸೇಜನ್ನು ಹಾಗೆಯೇ ನಕಲು ಮಾಡಿಟ್ಟಿದ್ದೆ: ಅಕ್ಕ ಹೋದಳು. ಶನಿವಾರ ಬೆಳಿಗ್ಗೆ 7:40.

ಯಾರ ಬೆಳಿಗ್ಗೆ?

ಮೈಸೂರಿನ ಪುರೋಹಿತರು ಮೈಸೂರಿನ ಬೆಳಿಗ್ಗೆ ಎಂದುಕೊಂಡರು. ಆಗ ನವಮಿ. ಬೇಸಿಗೆಯಲ್ಲಿ ಅಂತರ ಹತ್ತೂವರೆಯಲ್ಲ, ಒಂಬತ್ತೂವರೆ ಗಂಟೆ. ಅಕ್ಕ ಹೋದಾಗ ಅಲ್ಲಿ ಸಂಜೆ ಐದು ಹತ್ತು, ದಶಮಿ ಹುಟ್ಟಿ ಕೆಲವು ಗಂಟೆಯಾಗಿತ್ತು. ರಾಕ್‌ವಿಲ್ಲಿನಲ್ಲಿ ನನ್ನ ನೌಕರಿ ಏನು ಗೊತ್ತೇ? ಔಷಧಿ ಕಂಪನಿಯೊಂದರಲ್ಲಿ ಬೇರೆಯವರು ಬರೆದ ದಾಖಲೆಗಳಲ್ಲಿ ದಿನಾಂಕ, ವೇಳೆ ಸರಿಯಿದೆಯೇ ಎಂದು ನೋಡುವುದು. ಟೈಮ್ ಝೋನ್ ಬರೆಯದ ಹುಡುಗನೊಬ್ಬನಿಗೆ ಅರ್ಧ ಗಂಟೆ ಉಪದೇಶ ಮಾಡಿದ್ದೇನೆ.

ಹಾಗೆಂದರೆ ಆರು ತಿಂಗಳು ಅಮ್ಮ ಎಲೆ ಇಟ್ಟಿದ್ದು, ಅಕ್ಕ ಇನ್ನೂ ಬದುಕಿದ್ದ ತಿಥಿಯಲ್ಲಿ. ನವಮಿಯ ದಿನ ಅವಳು ಸತ್ತಿರಲೇ ಇಲ್ಲ. ಕಾಗೆಗಳು ಪ್ಯಾರಪೆಟ್ ಮೇಲೆ ಕೂತು ಅಮ್ಮನನ್ನೇ ನೋಡಿದ್ದು ನೆನಪಾಗಿ, ಆಂಟಿಯ ಬೆಚ್ಚಗಿನ ಅಡುಗೆಮನೆಯಲ್ಲಿ ನನ್ನ ಕುತ್ತಿಗೆಯ ಹಿಂದೆ ತಣ್ಣಗಾಯಿತು.

"ಈಗ್ಲೇ ಮಾಡು ಫೋನು," ಎಂದರು ಆಂಟಿ. "ಅಟ್ಲಾಂಟಾಗ್ ಹೋದ್ಮೇಲೆ ಅನ್ಬೇಡ. ನಿನಗೆ ದಾರಿ ಉದ್ದ ಮಾಡೋ ಅಭ್ಯಾಸ ಇದೆ."

ಮಾಡಿದೆ. ನನ್ನ ತಪ್ಪು ಎಂದೆ, ನವಮಿಯಲ್ಲ ದಶಮಿ ಎಂದೆ, ನಾಳೆ ಮತ್ತೆ ಇಡಮ್ಮ ಎಂದೆ. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ.

"ಹಾಗಾದ್ರೆ," ಅಮ್ಮ ನಿಧಾನವಾಗಿ ಕೇಳಿದಳು, "ಅವತ್ತು ನೀವು ಬೆಳಿಗ್ಗೆಯಿಂದ ಸಂಜೆವರೆಗೆ ನನ್ನಿಂದ ಮುಚ್ಚಿಡ್ಲಿಲ್ವಾ?"

ಮೆಸೇಜು ಅವಳಿಗೆ ಮುಟ್ಟಿದ್ದು ಅಲ್ಲಿನ ಸಂಜೆ ಐದೂವರೆಗೆ. ಬೆಳಿಗ್ಗೆಯೇ ಹೋದ ಮಗಳ ಸುದ್ದಿಯನ್ನು ನಾವೆಲ್ಲ ಹತ್ತು ಗಂಟೆ ಅವಳಿಗೆ ಹೇಳದೆ ಉಳಿದೆವು ಎಂದು ಆರು ತಿಂಗಳು ನಂಬಿದ್ದಳು. ಆ ದಿನ ಅವಳು ಹೊಲಿಗೆ ತರಗತಿ ನಡೆಸಿದ್ದಳು, ನಕ್ಕಿದ್ದಳು, ಮಧ್ಯಾಹ್ನ ಹೊಟ್ಟೆ ತುಂಬ ಉಂಡಿದ್ದಳು. ಯಾಕೆ ಮುಚ್ಚಿಟ್ಟಿರಿ ಎಂದು ಒಂದು ದಿನವೂ ಕೇಳಿರಲಿಲ್ಲ.

"ಇಪ್ಪತ್ತು ನಿಮಿಷ ಅಮ್ಮ. ನನಗೆ ಟೈಪ್ ಮಾಡೋಕೆ ಆಗ್ಲಿಲ್ಲ. ಬರೀ ಇಪ್ಪತ್ತು ನಿಮಿಷ."

"ನಾನು ಉಂಡಾಗ ಇದ್ಲಾ?"

"ಇದ್ಲು."

ಆಮೇಲೆ ಬೈಗುಳ ಬಂತು. ಏನು ಓದಿದೆ, ಏನು ಕೆಲಸ ನಿಂದು, ಚಿಕ್ಕಂದಿನಿಂದ ಬರೀ ಬರೆಯೋದೇ ಆಯ್ತು, ನೆಟ್ಟಗೆ ಒಂದು ಟೈಮ್ ಬರೆಯೋಕ್ ಬರಲ್ವಾ, ಆರು ತಿಂಗಳು ನನ್ನ ಹೊಟ್ಟೆ ಸುಟ್ಟೆಯಲ್ಲೇ ಕತ್ತೆ. ಹನ್ನೊಂದು ನಿಮಿಷ. ಜೂನ್ ನಂತರ ಅಮ್ಮ ಯಾರನ್ನೂ ಬೈದಿರಲಿಲ್ಲ. ಶಾಹಿದಾ ಆಂಟಿ ಪಕ್ಕದಲ್ಲಿ ನಿಂತು, ಸ್ಪೀಕರಿನಲ್ಲಿ ಕೇಳುತ್ತ, ಕಣ್ಣೊರೆಸಿಕೊಳ್ಳುತ್ತ, "ಚೆನ್ನಾಗ್ ಬೈತಾರೆ," ಎಂದು ಪಿಸುಗುಟ್ಟಿದರು.

ಮರುದಿನ ಬೆಳಿಗ್ಗೆ ಅಟ್ಲಾಂಟಾದಲ್ಲಿ ಭಾವ ಮಡಿಯುಟ್ಟು ಪುರೋಹಿತರ ವಿಡಿಯೋ ಕರೆಗೆ ಕಾಯುತ್ತಿರುವಾಗ ಅಮ್ಮನ ಫೋನು ಬಂತು.

"ಮುಟ್ತಾ ಅಮ್ಮ?"

"ಯಾರಿಗ್ ಗೊತ್ತು? ಎಲೆ ಇಟ್ಟೆ. ಅಷ್ಟು ಹೊತ್ತಿಗೆ ಎಷ್ಟು ಹಸಿವಾಗಿತ್ತು ಅಂದ್ರೆ, ನಿಂತು ಕಾಯೋಕೆ ಆಗ್ಲಿಲ್ಲ. ಕೆಳಗೆ ಬಂದು ಊಟ ಮಾಡ್ಬಿಟ್ಟೆ. ಪಾಯಸ ಎರಡು ಸಲ ಹಾಕ್ಕೊಂಡೆ. ಆಮೇಲೆ ಹೋಗಿ ನೋಡಿದ್ರೆ ಎಲೆ ಖಾಲಿ."

"ಕಾಗೆನೇ ತಿಂದಿದ್ದಾ?"

"ಕಾಗೆಯೋ, ಅಳಿಲೋ, ಚಿಕ್ಕಪ್ಪನ ಮೊಮ್ಮಗನೋ. ಎಲ್ಲಕ್ಕೂ ಸಾಕ್ಷಿ ಕೇಳ್ಬೇಡ."

ಆ ದಿನದ ದಿನಚರಿಯಲ್ಲಿ ಕಾಗೆಯ ಸುದ್ದಿಯಿಲ್ಲ. ಒಂದೇ ಸಾಲಿದೆ: ಅಮ್ಮ ಉಂಡಳು, ಮಧ್ಯಾಹ್ನ 12:50, ಮೈಸೂರಿನ ವೇಳೆ.